ಊಟ ಕಟ್ಟಿದವಳು

"ಬಾಯಿ ಬಿಚ್ಚಲ್ಲ ಅಂತ ಆಣೆ ಇಡು, ಭೂಆ."

ಸಿಮ್ರತ್ ಮದುಮಗಳ ಕೆಂಪು ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡು ಮಂಚದ ತುದಿಯಲ್ಲಿ ಕೂತಿದ್ದಳು. ಅವಳ ಸೋದರತ್ತೆ ನಸೀಬ್ ಕೌರ್ ಹಿಂದೆ ನಿಂತು ಜಡೆ ಹೆಣೆಯುತ್ತಿದ್ದಳು. ಹಲ್ಲಿನಲ್ಲಿ ಪಿನ್ನು ಕಚ್ಚಿಕೊಂಡಿದ್ದರಿಂದ ಉತ್ತರ ಕೊಡದಿರಲು ಅವಳಿಗೆ ಒಳ್ಳೆಯ ನೆಪವಿತ್ತು.

"ಪಿನ್ನು ತೆಗಿ. ಆಣೆ ಇಡು."

"ಏನಂತ ಇಡ್ಲಿ?"

"ಹೋಟೆಲಲ್ಲಿ ಹಾಡಲ್ಲ, ಬೀಗರನ್ನ ಬಯ್ಯಲ್ಲ ಅಂತ. ಆ ಮನೇಲಿ ಬಾಳ್ಬೇಕಾಗಿರೋದು ನಾನು, ನೀನಲ್ಲ."

"ಅದು ಬಯ್ಯೋದಲ್ಲ ಕಣೆ, ಮದುವೆ ಹಾಡು."

"ಗೊತ್ತು ನಿನ್ನ ಮದುವೆ ಹಾಡು. ಲವಲೀನ್ ಮದುವೇಲಿ ಗಂಡಿನ ಚಿಕ್ಕಪ್ಪನ ಪಗಡಿಯೊಳಗೆ ಬರೀ ಬೋಳು ಅಂತ ಹಾಡ್ದೆ. ಆ ಮನುಷ್ಯ ಇವತ್ತಿಗೂ ನಮ್ಮನೆ ಮೆಟ್ಟಿಲು ಹತ್ತಿಲ್ಲ."

"ಬೋಳು ಇತ್ತಲ್ಲ ಮತ್ತೆ."

ಹುಡುಗಿ ನಗಲಿಲ್ಲ. ನಸೀಬ್ ಕೌರ್ ಪಿನ್ನು ತೆಗೆದು, ಎಣ್ಣೆಗೈಯನ್ನು ಅವಳ ನೆತ್ತಿಯ ಮೇಲಿಟ್ಟು ಗುರುವಿನ ಹೆಸರಿನಲ್ಲಿ ಆಣೆ ಇಟ್ಟಳು. ಇಡುವಾಗ ಮನಸ್ಸು ಶುದ್ಧವಾಗಿಯೇ ಇತ್ತು, ಆ ಮಾತು ಹೇಳಲೇಬೇಕು.

ಈ ಹೆಂಗಸಿನ ಬಾಯಿಗೆ ಹಾಂಗ್‌ಕಾಂಗಿನ ಯಾವ್ ಮಾ ತೇ ಬಡಾವಣೆಯ ಬೀದಿಗಳಲ್ಲಿ ಹೆದರದ ನಮ್ಮ ಪಂಜಾಬಿಗಳಿಲ್ಲ. ಪಂಜಾಬಿನ ಮೋಗಾದ ಹತ್ತಿರದ ಹಳ್ಳಿಯಿಂದ ಗೋದಾಮು ಕಾಯುವವನ ಹೆಂಡತಿಯಾಗಿ ಹಾಂಗ್‌ಕಾಂಗಿಗೆ ಬಂದವಳು. ಗಂಡ ತೀರಿಹೋದ, ಮಕ್ಕಳಾಗಲಿಲ್ಲ. ತಮ್ಮ ದರ್ಬಾರಾ ಸಿಂಗನ ಹೆಂಡತಿ ಕೈಕೂಸನ್ನು ಬಿಟ್ಟು ತೀರಿಕೊಂಡಾಗ, ಒಂದು ಟ್ರಂಕು ಎತ್ತಿಕೊಂಡು ಅವನ ಮನೆಗೆ ಬಂದಳು. ಆ ಕೂಸೇ ಸಿಮ್ರತ್. ದರ್ಬಾರಾ ಸಿಂಗ್ ಒಡವೆ ಅಂಗಡಿಯ ಬಾಗಿಲಲ್ಲಿ ಬಂದೂಕು ಹಿಡಿದು ಸ್ಟೂಲಿನ ಮೇಲೆ ಕೂರುವವನು. ಬಂದೂಕು ಅವನ ಹತ್ತಿರವಿದ್ದರೂ ಮನೆ ಕಾದದ್ದು ಅಕ್ಕನ ನಾಲಿಗೆ.

ಸಂತೆಬೀದಿಯಲ್ಲಿ ಸೊಪ್ಪು ಮಾರುವ, ಆ ಫಾಂಗ್ ಎಂಬ ಹೆಸರಿನ ಚೀನೀ ಹೆಂಗಸು ಮೊದಲ ದಿನವೇ ಅವಳನ್ನು "ಆ ಚಾ" ಎಂದು ಕರೆದಿದ್ದಳು. ನಮ್ಮ ಬಣ್ಣದವರನ್ನು ಅಲ್ಲಿ ಹೀಗಳೆಯುವುದು ಹಾಗೆ. ನಸೀಬ್ ಕೌರ್‌ಗೆ ಆಗ ಕ್ಯಾಂಟನೀಸ್ ಬರುತ್ತಿದ್ದದ್ದು ನಾಲ್ಕೇ ಮಾತು. ಆ ನಾಲ್ಕರಲ್ಲೇ ಆ ಫಾಂಗಳ ಸೊಪ್ಪಿಗೂ ಅವಳ ಅತ್ತೆಯ ಗಡ್ಡಕ್ಕೂ ಸಂಬಂಧ ಕಟ್ಟಿ ಬೀದಿಯೇ ನಗುವ ಹಾಗೆ ಮಾಡಿದಳು. ಅಂದಿನಿಂದ ಇಬ್ಬರೂ ಬೆಳಗಿನ ವ್ಯಾಪಾರವನ್ನು ಬೈಗುಳದಿಂದಲೇ ಶುರು ಮಾಡುವುದು. ಶಾಲೆಯಲ್ಲಿ ಮಕ್ಕಳು ಮೂಗು ಮುಚ್ಚಿಕೊಂಡರೆಂದು ಸಿಮ್ರತ್ ಅಳುತ್ತ ಬಂದರೆ, ನಸೀಬ್ ಕೌರ್ ಹಿಟ್ಟು ನಾದುತ್ತಲೇ ಹಾಡಿನ ಒಂದು ಪದ ಹೇಳುವಳು. ಹುಡುಗಿ ಮುಂದಿನ ಪದ ಹೊಂದಿಸಬೇಕು. ಹೊಂದಿಸುವಷ್ಟರಲ್ಲಿ ಅಳು ನಿಂತಿರುತ್ತಿತ್ತು. ಇಡೀ ಊರಿನಲ್ಲಿ ಅವಳಿಗೆ ಎದುರು ಹಾಡಬಲ್ಲವಳು ಅವಳೊಬ್ಬಳೇ, ಅದೂ ಅಡುಗೆಮನೆಯ ಬಾಗಿಲು ಮುಚ್ಚಿದಾಗ.

ಈಗ ಆ ಹುಡುಗಿ ಸಮುದ್ರದ ಆಚೆ, ಗುಡ್ಡದ ಮೇಲಿನ ಮನೆಗೆ ಹೊರಟಿದ್ದಳು. ದೋಣಿ ಹತ್ತಿದರೆ ಅರ್ಧ ತಾಸಿನ ದಾರಿ. ಆದರೆ ಗುಡ್ಡ ಹತ್ತಿದ ನಮ್ಮವರು ಯಾವ್ ಮಾ ತೇಗೆ ಇಳಿದು ಬಂದದ್ದನ್ನು ನಸೀಬ್ ಕೌರ್ ನೋಡಿರಲಿಲ್ಲ. ಅವಳಿಗಿದ್ದ ಭಯ ಅದೊಂದೇ. ಯಾರೊಂದಿಗೂ ಹೇಳಿಕೊಂಡಿರಲಿಲ್ಲ.

ಬೀಗಿತ್ತಿ ರಮಿಂದರ್ ನಿಶ್ಚಿತಾರ್ಥದ ದಿನ ಬಂದಾಗಲೇ ಆ ಭಯಕ್ಕೆ ಎಣ್ಣೆ ಹೊಯ್ದು ಹೋಗಿದ್ದಳು. "ಆಂಟೀಜಿ, ನೀವು ಬೈಗುಳದ ಹಾಡು ಹಾಡ್ತೀರಂತೆ, ಕೇಳಿದೀನಿ. ನಮ್ಮ ಗೆಸ್ಟುಗಳು ಬೇರೆ ಥರದವರು. ಚೀನೀ ಪಾರ್ಟ್‌ನರ್ಸು, ಇಂಗ್ಲಿಷ್ ಲಾಯರ್ರು. ದೆಹಲಿಯಿಂದ ಟ್ರೂಪ್ ಕರೆಸ್ತಿದೀವಿ, ಪಂಜಾಬಿ ಕಲ್ಚರ್ ಎಲ್ಲಾ ಅವರೇ ನೋಡ್ಕೋತಾರೆ. ನೀವು ಆರಾಮಾಗಿ ಕೂತ್ಕೊಳ್ಳಿ." ಆಮೇಲೆ ಲಿಫ್ಟಿನ ಬಾಗಿಲು ಪೂರ್ತಿ ಮುಚ್ಚುವ ಮೊದಲೇ ಗಂಡನಿಗೆ ಹೇಳಿದ ಮಾತೂ ಕೇಳಿಸಿತ್ತು: "ಬಾಗಿಲು ಕಾಯೋರ ಮನೆಯಾದ್ರೂ ಹುಡುಗಿ ನೀಟಾಗಿದಾಳೆ." ನಸೀಬ್ ಕೌರ್ ಆ ಮಾತನ್ನು ಸಿಮ್ರತ್‌ಗೆ ಹೇಳಿದಳು. ಹೇಳದಿದ್ದರೆ ಅವಳು ನಸೀಬ್ ಕೌರ್ ಹೇಗಾದಾಳು.

ಬೆಳಿಗ್ಗೆ ಗುರುದ್ವಾರದಲ್ಲಿ ಲಾವಾಂ ಮುಗಿಯಿತು. ನಾಲ್ಕು ಸುತ್ತು ಬಂದು ಸಿಮ್ರತ್ ಮನ್‌ರೂಪನ ಹೆಂಡತಿಯಾದಳು. ಅಲ್ಲಿ ನಸೀಬ್ ಕೌರ್ ಉಸಿರೆತ್ತಲಿಲ್ಲ. ಗುರುಗ್ರಂಥದ ಮುಂದೆ ಯಾರೂ ಬಾಯಿ ಹರಿಯಬಿಡುವುದಿಲ್ಲ. ಮಧ್ಯಾಹ್ನದ ಊಟ ಚಿಮ್ ಶಾ ಚೂಯಿಯ ಹೋಟೆಲಿನ ಹಾಲಿನಲ್ಲಿ. ದರ್ಬಾರಾ ಸಿಂಗ್ ಬಾಗಿಲಲ್ಲಿ ನಿಂತು ಬೀಗರ ಕಡೆಯ ಪ್ರತಿಯೊಬ್ಬರಿಗೂ ಕೈಮುಗಿದ. ಬಾಗಿಲಲ್ಲಿ ನಿಂತು ಅಭ್ಯಾಸವಿದ್ದ ಮನುಷ್ಯ. ಅವತ್ತು ಬಂದೂಕಿಲ್ಲದೆ ಕೈ ಎಲ್ಲಿಡಬೇಕೆಂದು ತಿಳಿಯದೆ ಮತ್ತೆ ಮತ್ತೆ ಮುಗಿಯುತ್ತಿದ್ದ.

ವೇದಿಕೆ ಮೇಲೆ ಟ್ರೂಪಿನ ಹುಡುಗಿಯರು ಬಂದರು. ಬಾಡಿಗೆಯ ಫುಲ್ಕಾರಿ ಕಸೂತಿಯ ಶಾಲು ಹೊದ್ದು, ಪ್ಲಾಸ್ಟಿಕ್ ಕೊಡ ಹೊತ್ತು, ಸ್ಪೀಕರಿನಿಂದ ಬರುವ ಹಾಡಿಗೆ ಬಾಯಿ ಆಡಿಸಿದರು. ಒಬ್ಬಳ ಚಪ್ಪಾಳೆ ತಾಳಕ್ಕೆ ಸಿಗುತ್ತಲೇ ಇರಲಿಲ್ಲ. "ನಮ್ಮ ಅಜ್ಜಿಯರು ಹೀಗೆ ಕುಣಿಯುತ್ತಿದ್ದರು" ಎಂದು ನಿರೂಪಕ ಇಂಗ್ಲಿಷಿನಲ್ಲಿ ಹೇಳಿದಾಗ ನಸೀಬ್ ಕೌರ್ ತಲೆಗೆ ಹೊದ್ದ ವಿಧವೆಯ ಬಿಳಿ ಚುನ್ನಿಯ ಅಂಚನ್ನು ಬಾಯಿಗೆ ತುರುಕಿಕೊಂಡಳು. ಆಣೆ ನೆನಪಿತ್ತು. ಅಲ್ಲಿಗೇ ಮುಗಿದಿದ್ದರೆ ಮುಗಿದುಹೋಗುತ್ತಿತ್ತು.

ರಮಿಂದರ್ ಬಂದು ಅವಳ ತೋಳು ಹಿಡಿದು ಎಬ್ಬಿಸಿದಳು. "ಬನ್ನಿ ಆಂಟೀಜಿ, ಇವರ ಜೊತೆ ಒಂದು ಫೋಟೋ. ನೀವು ಒರಿಜಿನಲ್ ಅಲ್ವಾ." ಟ್ರೂಪಿನ ಮಧ್ಯೆ ನಿಲ್ಲಿಸಿದ ಮೇಲೆ ಫೋಟೋದವನು ಏನೋ ಹೇಳಿದ. ರಮಿಂದರ್ ನಕ್ಕು ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. "ಬಿಳಿ ಚುನ್ನಿ ಫೋಟೋಕ್ಕೆ ಸರಿ ಬರಲ್ವಂತೆ. ಸ್ವಲ್ಪ ಈ ಕಡೆ. ಇನ್ನೂ ಸ್ವಲ್ಪ. ಸಾಕು, ಕೂತ್ಕೊಂಡುಬಿಡಿ."

ನಸೀಬ್ ಕೌರ್ ಕೂರಲಿಲ್ಲ. ಬೀಗರ ಕಡೆಯವರ ಮುಂದೆ ತಟ್ಟೆಗಳು ಬಂದಿದ್ದವು. ಅವಳು ಅವರ ಮೇಜುಗಳ ನಡುವೆ ಹೋಗಿ ನಿಂತು, ಕಿವಿಗೆ ಕೈ ಹಚ್ಚಿ ಎತ್ತರದ ದನಿಯಲ್ಲಿ ಶುರು ಮಾಡಿದಳು. ಮೈಕು ಬೇಕಾಗಲಿಲ್ಲ.

"ತಟ್ಟೆ ಕಟ್ಟಿದೆ, ತಟ್ಟೆಯ ಮೇಲಿನ ರೊಟ್ಟಿ ಕಟ್ಟಿದೆ,
ರೊಟ್ಟಿ ಮುರಿಯೋ ಬೀಗರ ಕೈಯ ಬೆರಳು ಕಟ್ಟಿದೆ.
ದಾಲು ಕಟ್ಟಿದೆ, ಮೊಸರು ಕಟ್ಟಿದೆ, ನೀರಿನ ಲೋಟ ಕಟ್ಟಿದೆ,
ಬೀಗರ ಮೀಸೆಯ ಬಣ್ಣ ಕಟ್ಟಿದೆ, ಬೀಗಿತ್ತಿಯ ಮೂಗು ಕಟ್ಟಿದೆ.
ಕುಣಿತ ಬಾಡಿಗೆ ತಂದ ಮನೆಯವರ ಕಾಲು ಕಟ್ಟಿದೆ.
ಬಿಚ್ಚೋ ಬಾಯಿ ನಿಮ್ಮಲ್ಲಿದ್ದರೆ ಎದ್ದು ಹಾಡಲಿ,
ಇಲ್ಲದಿದ್ದರೆ ಹಸಿದ ಹೊಟ್ಟೆಗೆ ದುಡ್ಡು ಬಡಿಸಿಕೊಂಡು ಹೋಗಲಿ."

ಪಂಜಾಬಿನ ಹಳ್ಳಿಗಳಲ್ಲಿ ಹಿಂದೆ ಇದು ನಡೆಯುತ್ತಿತ್ತು. ದಿಬ್ಬಣ ಊಟಕ್ಕೆ ಕೂತಾಗ ಹೆಣ್ಣಿನ ಕಡೆಯವಳೊಬ್ಬಳು ಎದ್ದು ಹಾಡಿನಲ್ಲಿ ಊಟ ಕಟ್ಟುವಳು. ಗಂಡಿನ ಕಡೆಯವರು ಅದನ್ನು ಹಾಡಿನಲ್ಲೇ ಬಿಚ್ಚಬೇಕು, ಕಟ್ಟಿದ್ದನ್ನೆಲ್ಲ ಹೆಸರು ಹಿಡಿದು. ಅಲ್ಲಿಯವರೆಗೆ ತುತ್ತು ಎತ್ತುವಂತಿಲ್ಲ. ಕಟ್ಟಿದವಳು ತಾನೇ ಬಿಚ್ಚುವಂತೆಯೂ ಇಲ್ಲ. ಹಾಂಗ್‌ಕಾಂಗಿನಲ್ಲಿ ಯಾರೂ ಇದನ್ನು ಮಾಡಿದ್ದಿಲ್ಲ.

ಹರೆಯದವರು ಫೋನು ಎತ್ತಿ ಚಿತ್ರ ತೆಗೆದುಕೊಂಡರು. ಚೀನೀ ಅತಿಥಿಗಳು ಇದೂ ಕಾರ್ಯಕ್ರಮವೆಂದು ಚಪ್ಪಾಳೆ ತಟ್ಟಿದರು. ಎಲ್ಲರೂ ಮತ್ತೆ ತಟ್ಟೆಗೆ ಕೈ ಹಾಕಿದರು. ರಮಿಂದರಳ ಮಾವ ಅಜಾಯಬ್ ಸಿಂಗ್ ಮಾತ್ರ ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಎಂಬತ್ತು ದಾಟಿದ ಮುದುಕ, ಬೆಳಿಗ್ಗೆಯಿಂದ ಒಂದು ಮಾತೂ ಆಡಿರಲಿಲ್ಲ.

"ತಿನ್ನಿ ಬಾಪೂಜಿ, ಆರಿಹೋಗತ್ತೆ," ಎಂದಳು ರಮಿಂದರ್.

"ಹ್ಯಾಗೆ ತಿನ್ಲಿ? ಊಟ ಕಟ್ಟಿದಾಳೆ."

"ಅದು ಬರೀ ಹಾಡು."

"ನಿನಗೆ ಹಾಡು. ನನ್ನ ಮದುವೇಲೂ ಕಟ್ಟಿದ್ರು. ಬಿಚ್ಚೋನು ಕುಡಿದು ಎಲ್ಲೋ ಬಿದ್ದಿದ್ದ. ಹುಡುಕಿ ತರೋವರೆಗೆ ಇಡೀ ದಿಬ್ಬಣ ತಟ್ಟೆ ಮುಂದೆ ಕೂತಿತ್ತು, ನಮ್ಮಪ್ಪನೂ ಸೇರಿ. ಕಟ್ಟಿದ ಅನ್ನ ತಿಂದ ಮನೆತನ ಅನ್ನಿಸ್ಕೊಳ್ಳಲ್ಲ ನಾನು."

ಅವನ ಮೇಜಿನಲ್ಲಿದ್ದ ಇನ್ನಿಬ್ಬರು ಮುದುಕರು ಮುಖ ಮುಖ ನೋಡಿಕೊಂಡು ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಪಕ್ಕದ ಮೇಜಿನವರು. ತಿನ್ನುತ್ತಿದ್ದವರಿಗೂ ತುತ್ತು ಬಾಯಲ್ಲೇ ದೊಡ್ಡದಾಯಿತು. ಆಗಲೇ ಮನ್‌ರೂಪ್ ವೇದಿಕೆಯಿಂದ ಓಡಿಬಂದ. "ಮಮ್ಮೀ, ತಾತಂಗೆ ಇನ್ಸುಲಿನ್ ಕೊಟ್ಟಾಗಿದೆ. ಈಗ ಏನಾದ್ರೂ ತಿನ್ಲೇಬೇಕು."

ಜ್ಯೂಸು ತಂದರು. ಮುದುಕ ತಲೆ ಅಲ್ಲಾಡಿಸಿದ. "ಲೋಟಾನೂ ಕಟ್ಟಿದಾಳೆ. ಕೇಳಿಸ್ಲಿಲ್ವಾ?"

ರಮಿಂದರ್ ಟ್ರೂಪಿನ ನಾಯಕಿಯನ್ನು ಎಳೆದು ತಂದಳು. "ನಿಮಗೆ ಕಲ್ಚರ್ ಗೊತ್ತಲ್ಲ, ಇದನ್ನ ಬಿಚ್ಚಿ." ಆ ಹುಡುಗಿ ತಮ್ಮ ಹತ್ತಿರ ರೆಕಾರ್ಡ್ ಆಗಿರುವ ಹಾಡುಗಳಷ್ಟೇ ಇರುವುದೆಂದಳು. ಮನ್‌ರೂಪ್ ಫೋನಿನಲ್ಲಿ ಹುಡುಕಿದ. ಸಿಕ್ಕಿದ್ದು ಟ್ರ್ಯಾಕ್ಟರಿನ ಹಾಡು. ಕೊನೆಗೆ ರಮಿಂದರ್ ನಸೀಬ್ ಕೌರಳ ಮುಂದೆ ಬಂದು ನಿಂತಳು. ದನಿ ತಗ್ಗಿಸಿದ್ದಳು, ಮುಖ ಕೆಂಡವಾಗಿತ್ತು.

"ಬಿಚ್ರಿ. ಸಾಕು ನಿಮ್ಮ ನಾಟಕ."

"ಕಟ್ಟಿದೋಳು ಬಿಚ್ಚೋ ಹಾಗಿಲ್ಲ."

"ಅವರಿಗೆ ಏನಾದ್ರೂ ಆದ್ರೆ ಜವಾಬ್ದಾರಿ ಯಾರು?"

"ಬಿಚ್ಚೋಕೆ ಬರದೋರು ದಿಬ್ಬಣ ಯಾಕೆ ತರ್ಬೇಕಿತ್ತು?"

ದರ್ಬಾರಾ ಸಿಂಗ್ ಅಕ್ಕನ ಮುಂದೆಯೂ ಕೈಮುಗಿದ. "ಬೇಡ ಅಕ್ಕಾ. ನನ್ನ ಮರ್ಯಾದೆ ತೆಗೀಬೇಡ. ಏನೋ ಒಂದು ಹಾಡಿ ಮುಗಿಸಿಬಿಡು."

ನಸೀಬ್ ಕೌರ್ ಮುದುಕನ ಕಡೆ ನೋಡಿದಳು. ಹಣೆಯ ಮೇಲೆ ಬೆವರು ಮೂಡಿತ್ತು. ಜಗಳ ಇದ್ದದ್ದು ಅವನ ಸೊಸೆಯ ಜೊತೆ. ಆ ಸೊಸೆ ಎದುರಿಗೆ ಗಟ್ಟಿಮುಟ್ಟಾಗಿ ನಿಂತಿದ್ದಳು. ಬಲೆಗೆ ಬಿದ್ದದ್ದು ಹಾಡಿನ ಕಟ್ಟನ್ನು ಮನಸಾರೆ ನಂಬಿದ ಈ ಮುದುಕ. ತಾನೇ ಬಿಚ್ಚಿದರೆ ಅವನು ಒಪ್ಪುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ತನ್ನ ಮೇಲೇ ಸಿಟ್ಟು ಬಂತು, ಆದರೆ ಆ ಹಾಲಿನಲ್ಲಿ ಅದನ್ನು ತೋರಿಸಿಕೊಳ್ಳುವುದಕ್ಕಿಂತ ಸಾಯುವುದು ಮೇಲು ಎಂದುಕೊಂಡು ಸೆಟೆದು ನಿಂತಳು.

ಬಳೆಗಳ ಸದ್ದು ಕೇಳಿತು. ಸಿಮ್ರತ್ ಎರಡೂ ಕೈಯಲ್ಲಿ ಲೆಹೆಂಗಾ ಎತ್ತಿಕೊಂಡು ವೇದಿಕೆ ಇಳಿದು ಬರುತ್ತಿದ್ದಳು. ಭೂಆನ ಕಡೆ ಬರಲಿಲ್ಲ. ನೇರ ಹೋಗಿ ಅಜಾಯಬ್ ಸಿಂಗನ ಕುರ್ಚಿಯ ಹಿಂದೆ ನಿಂತಳು.

"ಬಾಪೂಜಿ, ಬೆಳಿಗ್ಗೆಯಿಂದ ನಾನು ಯಾವ ಕಡೆಯೋಳು?"

ಮುದುಕ ಕತ್ತೆತ್ತಿ ನೋಡಿದ. "ನಮ್ಮ ಕಡೆಯೋಳು."

"ಹಾಗಾದ್ರೆ ನಾನು ಬಿಚ್ಚಬಹುದಾ?"

"ಬರತ್ತಾ ನಿನಗೆ?"

ಸಿಮ್ರತ್ ಕಿವಿಗೆ ಕೈ ಹಚ್ಚಿದಳು. ಹಚ್ಚಿದ ರೀತಿ ನೋಡಿಯೇ ಯಾರ ಕೈಯಲ್ಲಿ ಬೆಳೆದವಳೆಂದು ಹೇಳಬಹುದಿತ್ತು.

"ತಟ್ಟೆ ಬಿಟ್ಟಿತು, ರೊಟ್ಟಿ ಬಿಟ್ಟಿತು, ತಾತನ ಬೆರಳು ಬಿಟ್ಟಿತು,
ದಾಲು ಮೊಸರು ಲೋಟದ ನೀರು ಗಂಟು ಬಿಚ್ಚಿ ಹರಿಯಿತು.
ಮೀಸೆ ಬಿಟ್ಟಿತು, ಮೂಗೂ ಬಿಟ್ಟಿತು, ಏರಿದಲ್ಲೇ ಇರಲಿ ಅದು,
ಬಾಡಿಗೆ ಕಾಲಿನ ಹಗ್ಗ ಬಿಚ್ಚಿದೆ, ತಾಳ ತಪ್ಪಿ ಕುಣಿಯಲಿ ಅದು."

ಮುದುಕರ ಮೇಜಿನಿಂದ ನಗು ಬಂತು. ನಸೀಬ್ ಕೌರ್ ಉಸಿರು ಹಿಡಿದು ಕೇಳುತ್ತಿದ್ದಳು. ಒಂದನ್ನೂ ಬಿಟ್ಟಿಲ್ಲ, ಹುಡುಗಿ. ಬಿಚ್ಚಿದ ಮೇಲೆ ಕಟ್ಟಿದವಳ ಮನೆಯನ್ನು ಹಂಗಿಸಲೇಬೇಕು, ಪದ್ಧತಿ ಇರುವುದೇ ಹಾಗೆ. ಮುಂದೇನು ಬರುತ್ತದೆಂದು ಅವಳು ಕಾದಳು. ಸಿಮ್ರತ್ ಮೊದಲ ಸಲ ಅವಳ ಮುಖ ನೋಡಿದಳು.

"ಬಾಗಿಲು ಕಾಯೋರ ಮನೆಯ ಹೆಂಗಸು ಚಿಲಕ ಹಾಕೋದೊಂದೇ ಬಲ್ಲಳು,
ಉಣ್ಣಲು ಬಂದ ನಂಟರ ಬಾಯಿಗೂ ಚಿಲಕ ಹಾಕಿ ನಿಂತಳು.
ಎಲ್ಲ ಬಿಚ್ಚಿದೆ, ಒಂದು ಕಟ್ಟಿದೆ, ಆಣೆಗೆ ತಪ್ಪಿದ ನಾಲಿಗೆ,
ಪದ್ಧತಿ ಮುರಿದು ಕಟ್ಟಿದ ನಾನೇ ಬರಬೇಕು ಗಂಟು ಸಡಿಲಿಸಲಿಕ್ಕೆ."

ಬೀಗರ ಕಡೆಯವರು ಪಂದ್ಯ ಗೆದ್ದವರಂತೆ ಮೇಜು ಕುಟ್ಟಿದರು. ಬಾಗಿಲು ಕಾಯುವವರೆಂಬ ಮಾತು ಬಂದಾಗ ರಮಿಂದರ್ ಮಾತ್ರ ನಗಲಿಲ್ಲ. ಎಲ್ಲಿಂದ ಬಂತೆಂದು ಅವಳಿಗೆ ತಿಳಿದಿತ್ತು. ದರ್ಬಾರಾ ಸಿಂಗ್ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನೆಲ ನೋಡಿದ. ಅಜಾಯಬ್ ಸಿಂಗ್ ಜ್ಯೂಸಿನ ಲೋಟ ಎತ್ತಿ ಗಟಗಟನೆ ಕುಡಿದು, ರೊಟ್ಟಿ ಮುರಿದು, ದಾಲಿನಲ್ಲಿ ಅದ್ದಿ ಬಾಯಿಗಿಟ್ಟ.

ನಸೀಬ್ ಕೌರ್‌ಗೆ ಕಪಾಳಕ್ಕೆ ಹೊಡೆದ ಹಾಗಾಗಿತ್ತು. ಜೊತೆಗೆ, ನಾಚಿಕೆಯಿಲ್ಲದ ಮನಸ್ಸು, ಹೆಮ್ಮೆಯಿಂದ ಉಬ್ಬುತ್ತಲೂ ಇತ್ತು. ಇಷ್ಟು ವರ್ಷ ಈ ಊರಿನ ಮದುವೆಗಳಲ್ಲಿ ಹಾಡಿದ್ದಳು. ಎದ್ದು ನಿಂತು ಎದುರು ಹಾಡಿದವರು ಯಾರೂ ಇರಲಿಲ್ಲ. ಹಾಡಿದ್ದು ಇವಳು, ಬೀಗರ ಕುರ್ಚಿಯ ಹಿಂದೆ ನಿಂತು. ಅವಳು ತನ್ನ ಕುರ್ಚಿಗೆ ಹೋಗಿ ಕೂತಳು. ತಟ್ಟೆ ಮುಟ್ಟಲಿಲ್ಲ.

ಬೀಳ್ಕೊಡುಗೆಗೆ ಹೋಟೆಲಿನ ಬಾಗಿಲಲ್ಲಿ ಹೂವಿನ ಕಾರು ನಿಂತಿತ್ತು. ನಮ್ಮ ಹೆಂಗಸರು ಗುಂಪುಗೂಡಿ ನಸೀಬ್ ಕೌರಳ ಮುಖ ನೋಡಿದರು. ಹೆಣ್ಣು ಕಳಿಸುವ ಹಾಡನ್ನು ಅವಳೇ ಎತ್ತಬೇಕು, ಯಾವಾಗಲೂ ಅವಳೇ. ಅವಳು ತುಟಿ ಕಚ್ಚಿ ನಿಂತಿದ್ದಳು. ಯಾರೋ ಮೊಣಕೈಯಿಂದ ತಿವಿದರು. "ಏನ್ರೀ ಇದು, ಸಾಕಿದ ಹುಡುಗಿ ಮೇಲೆ ಇಷ್ಟೊಂದು ಸಿಟ್ಟಾ?" ಅವಳು ಅಲುಗಲಿಲ್ಲ. ಕೊನೆಗೆ ಬೇರೆ ಯಾರೋ ಅರ್ಧ ಶ್ರುತಿಯಲ್ಲಿ ಹಾಡೊಂದನ್ನು ಎಳೆದರು. ಸಿಮ್ರತ್ ಹಿಂದಿರುಗಿ ನೋಡದೆ, ತವರು ತುಂಬಿರಲೆಂದು ತಲೆಯ ಮೇಲಿಂದ ಹಿಂದಕ್ಕೆ ಅಕ್ಕಿ ಎರಚಿದಳು. ನಸೀಬ್ ಕೌರ್ ಬಿಳಿ ಚುನ್ನಿ ಒಡ್ಡಿ ಹಿಡಿದಷ್ಟು ಹಿಡಿದಳು. ಕಾರು ಸಮುದ್ರದಡಿಯ ಸುರಂಗದ ರಸ್ತೆಗೆ ತಿರುಗಿತು.

ಮನೆಗೆ ಬಂದ ಮೇಲೆ ದರ್ಬಾರಾ ಸಿಂಗ್ ಪಗಡಿ ಬಿಚ್ಚಿಟ್ಟು ಕುರ್ಚಿಯಲ್ಲಿ ಕೂತ. ಆಮೇಲೆ ಗೋಡೆ ನೋಡಿಕೊಂಡು ಹೇಳಿದ: "ಎಲ್ಲರ ಮುಂದೆ ಅಂದುಬಿಟ್ಲಲ್ಲ ಅಕ್ಕಾ, ಬಾಗಿಲು ಕಾಯೋರು ಅಂತ. ನೀನು ಶುರು ಮಾಡದೆ ಇದ್ದಿದ್ರೆ ಅವಳು ಅಂತಿರ್ಲಿಲ್ಲ." ಅಕ್ಕ ತಿರುಗಿ ಒಂದು ಮಾತೂ ಹೇಳಲಿಲ್ಲ. ಅವನಿಗೆ ಬಯ್ಯಿಸಿಕೊಂಡು ಹಗುರಾಗುವ ಆಸೆಯಿತ್ತು. ಅದೂ ಆಗದೆ ಎದ್ದು ಹೋಗಿ ಮಲಗಿದ.

ಮರುದಿನ ಬೆಳಿಗ್ಗೆ ಸಂತೆಬೀದಿಯಲ್ಲಿ ಆ ಫಾಂಗ್ ದೂರದಿಂದಲೇ ಶುರು ಮಾಡಿದಳು.

"ಬಂದ್ಲು ನೋಡಿ ಆ ಚಾ ಮುದುಕಿ. ಹುಡುಗಿ ಮಾರಿ ಬಂದೆಯಾ? ನಿನ್ನನ್ನೂ ಜೊತೆಗೆ ಕೊಡ್ತೀನಿ ಅಂದ್ರೆ ಬೇಡ ಅಂದ್ರಾ?"

ನಸೀಬ್ ಕೌರ್ ಸಾಸಿವೆ ಸೊಪ್ಪಿನ ಕಟ್ಟು ಎತ್ತಿ ಬೇರು ನೋಡಿದಳು.

"ಕಿವಿ ಹೋಯ್ತಾ? ಹಳೇ ಸೊಪ್ಪು ಅದು. ಹಳೇ ಮುದುಕೀರಿಗೆ ಅಂತಲೇ ಇಟ್ಟಿದೀನಿ."

ನಸೀಬ್ ಕೌರ್ ಚಿಲ್ಲರೆ ಹುಡುಕಿ ಹಲಗೆಯ ಮೇಲಿಟ್ಟಳು. ಆ ಫಾಂಗ್ ಕೈಯಲ್ಲಿದ್ದ ಚಾಕು ಕೆಳಗಿಟ್ಟಳು. ಬುಟ್ಟಿಗಳ ಸಂದಿನಿಂದ ತೂರಿಕೊಂಡು ಈಚೆ ಬಂದಳು. ಇಷ್ಟು ವರ್ಷದಲ್ಲಿ ಅವಳು ಅಂಗಡಿಯ ಈ ಬದಿಗೆ ಬಂದದ್ದು ಅದೇ ಮೊದಲು. "ಏನಾಯ್ತು ನಿನಗೆ? ಹುಷಾರಿಲ್ವಾ?" ಎಂದು ಕೇಳಿ, ಉತ್ತರ ಬಾರದಿದ್ದಾಗ ಬಯ್ದುಕೊಳ್ಳುತ್ತಲೇ ಒಂದು ಹಿಡಿ ಈರುಳ್ಳಿ ಸೊಪ್ಪನ್ನು ಬಿಟ್ಟಿಯಾಗಿ ಅವಳ ಚೀಲಕ್ಕೆ ತುರುಕಿದಳು.

ಆಗ ಫೋನು ಬಡಿಯಿತು. ನಸೀಬ್ ಕೌರ್ ಹೆಸರು ನೋಡಿ ಕಿವಿಗಿಟ್ಟುಕೊಂಡಳು.

"ಭೂಆ? ಕೇಳಿಸ್ತಿದೆಯಾ? ಪಪ್ಪಾ ಫೋನ್ ಎತ್ತಿ ಬರೀ ಹೂಂ ಅಂತಿದಾರೆ. ನೀನೂ ಮಾತಾಡಲ್ವಾ?"

ಮೀನು ಕೊಚ್ಚುವ ಸದ್ದು, ಗಾಡಿಯವರ ಕೂಗು.

"ನಿನ್ನೆ ಹಾಡು ಹೇಳು ಅಂದ್ರೂ ಹೇಳ್ಲಿಲ್ವಂತೆ. ನಾನು ಕಾರು ಹತ್ತೋವರೆಗೂ ಕಾಯ್ತಾ ಇದ್ದೆ, ಗೊತ್ತಾ? ಇಷ್ಟೊಂದು ಸಿಟ್ಟಾ ನನ್ನ ಮೇಲೆ? ಮೊದಲು ಆಣೆ ಮುರಿದಿದ್ದು ಯಾರು? ಆ ತಾತ ಸತ್ತುಹೋಗಿದ್ರೆ? ಏನಾದ್ರೂ ಮಾತಾಡು."

ನಸೀಬ್ ಕೌರ್ ಫೋನಿಗೆ ತುಟಿ ಒತ್ತಿ ಹಿಡಿದಳು. ಮೂಗಿನಿಂದ ಉಸಿರು ಮಾತ್ರ ಬಂತು.

"ಅಯ್ಯೋ," ಎಂದಳು ಸಿಮ್ರತ್ ನಿಧಾನವಾಗಿ. "ನಿನ್ನೆ ನಾನು ಕಟ್ಟಿದಾಗಿನಿಂದ?"

ಇನ್ನೊಂದು ಉಸಿರು.

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿತು. ಹುಡುಗಿಯ ದನಿ ಪಿಸುಮಾತಿಗಿಳಿಯಿತು. ಇನ್ನೇನು ಬಿಚ್ಚುವ ಪದ ಬರುತ್ತದೆಂದು ನಸೀಬ್ ಕೌರ್ ಕಣ್ಣು ಮುಚ್ಚಿ ಕಾದಳು.

"ಇಲ್ಲ, ಬಿಚ್ಚಲ್ಲ," ಎಂದಳು ಸಿಮ್ರತ್. "ಹಾಗೇ ಇರು. ಫೋನಲ್ಲಿ ಬಿಚ್ಚಿದ್ರೆ ನಡೆಯಲ್ಲ. ಭಾನುವಾರ ಬರ್ತೀನಿ. ತಾತನೂ ಬರ್ತಾರಂತೆ, ಕಟ್ಟಿದೋಳ ಕೈಯಡುಗೆ ತಿನ್ಬೇಕಂತೆ. ಅಲ್ಲೀವರೆಗೂ ತುಟಿ ಬಿಚ್ಚಿದ್ರೆ ನೋಡು ಮತ್ತೆ."

ಫೋನು ನಿಂತಿತು. ನಸೀಬ್ ಕೌರ್ ಅದನ್ನು ಚೀಲದೊಳಗಿಟ್ಟು, ಇನ್ನೂ ಮುಂದೆಯೇ ನಿಂತಿದ್ದ ಆ ಫಾಂಗಳ ಕಡೆ ತಿರುಗಿ, ಸಾಸಿವೆ ಸೊಪ್ಪಿನ ರಾಶಿ ತೋರಿಸಿ, ಮೂರು ಕಟ್ಟೆಂದು ಮೂರು ಬೆರಳೆತ್ತಿದಳು. ಸ್ವಲ್ಪ ಯೋಚಿಸಿ ನಾಲ್ಕನೆಯದನ್ನೂ ಎತ್ತಿದಳು.

"ಇವತ್ತು ಗುರುವಾರ. ಇಷ್ಟು ಯಾರು ತಿಂತಾರೆ?" ಎಂದು ಆ ಫಾಂಗ್ ಗದರಿದಳು. "ನಿನ್ನ ಬಾಯಿಗೆ ಏನು ಬಂದಿದೆ?"

ನಸೀಬ್ ಕೌರ್ ಭಾನುವಾರದ ಮಟ್ಟಿಗೆ ಎಳೆಯ ಕಟ್ಟುಗಳನ್ನು ತೆಗೆದಿಡುವಂತೆ ಕೈಯಲ್ಲೇ ಹೇಳಿ, ಚುನ್ನಿಯ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮನೆ ಕಡೆ ಹೊರಟಳು.